ಕರೆಗೆ ಓಗೊಡುವ ಕಾಯಕ

ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತು ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನ ಪ್ರಸಂಗವನ್ನು ಸಂತ ಮಾರ್ಕರು ತಮ್ಮ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಪ್ರಭು ಯೇಸು ಆ ದಾರಿಯಾಗಿ ಬರುತ್ತಿರುವುದನ್ನು ತಿಳಿದು ಆತ ಕೂಗಿಕೊಳ್ಳುತ್ತಾನೆ. ಸುತ್ತಲಿದ್ದ ಜನರು ಸುಮ್ಮನಿರು ಎಂದು ಗದರಿಸುತ್ತಾರೆ. ಆತ ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾನೆ. ಆಗ ಪ್ರಭು ನಿಲ್ಲುತ್ತಾರೆ. ಅವನನ್ನು ಹತ್ತಿರಕ್ಕೆ ಕರೆಸಿಕೊಂಡು, ತಮ್ಮಿಂದ ಏನಾಗಬೇಕೆಂದು ವಿಚಾರಿಸುತ್ತಾರೆ. ಕುರುಡನಿಗೆ ಬೇಕಾದುದು ದೃಷ್ಟಿ ಎಂಬುದು ಯಾರಿಗಾದರೂ ತಿಳಿಯುವ ಸಂಗತಿ. ಆದರೂ ಪ್ರಭು ಕೇಳಿದರು. ತನ್ನ ಕೊರತೆಯನ್ನು ತನ್ನದೇ ಮಾತಿನಲ್ಲಿ ಹೇಳಿಕೊಳ್ಳುವ ಗೌರವವನ್ನು ಆ ಬಡವನಿಗೆ ಕೊಟ್ಟರು. ಗುಣಪಡಿಸುವ ಮೊದಲೇ ನಡೆದ ಈ ವಿಚಾರಣೆ ನಮ್ಮ ಮನನಕ್ಕೆ ಯೋಗ್ಯವಾದುದು.

ಇಂದು ನಮ್ಮ ನಾಡಿನ ಸಾವಿರಾರು ಯುವಕ ಯುವತಿಯರು ಇಂಥದೇ ವಿಚಾರಣೆಯನ್ನು ದಿನಕ್ಕೆ ಹತ್ತಾರು ಬಾರಿ ಮಾಡುವುದನ್ನೇ ತಮ್ಮ ಮೊದಲ ಉದ್ಯೋಗವನ್ನಾಗಿ ಹಿಡಿದಿದ್ದಾರೆ. ಕಿವಿಗೆ ಹೆಡ್‌ಫೋನ್ ಧರಿಸಿ, ಕಂಪ್ಯೂಟರ್ ಪರದೆಯ ಮುಂದೆ ಕುಳಿತು, ತಮ್ಮಿಂದ ಏನು ಸಹಾಯವಾಗಬೇಕು ಎಂದು ಅಪರಿಚಿತರನ್ನು ಕೇಳುವ ಕೆಲಸವಿದು. ಮಾಹಿತಿ ತಂತ್ರಜ್ಞಾನದ ಜಗತ್ತಿನಲ್ಲಿ ಇದಕ್ಕೆ 'ಹೆಲ್ಪ್ ಡೆಸ್ಕ್' ಎಂದು ಹೆಸರು. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಮನೆಗಳಿಂದ ಪದವಿ ಮುಗಿಸಿ ಬೆಂಗಳೂರಿಗೆ ಹೋದ ನಮ್ಮ ಮಕ್ಕಳಲ್ಲಿಯೂ ಹಲವರು ಈ ಮೇಜಿನ ಮುಂದೆಯೇ ಬದುಕನ್ನು ಆರಂಭಿಸಿದ್ದಾರೆ. ಈ ಕೆಲಸ ಅವರನ್ನು ಬೆಳೆಸುವುದೇ, ಸವೆಸುವುದೇ? ಇದರಲ್ಲಿ ಕ್ರೈಸ್ತ ಮನಸ್ಸಾಕ್ಷಿಗೆ ಸಂಬಂಧಿಸಿದ ವಿಷಯವೇನಾದರೂ ಇದೆಯೇ? ಈ ಲೇಖನದ ವಿಚಾರ ಅದು.

ಮೊದಲ ಮೆಟ್ಟಿಲು

ಈ ಕೆಲಸದ ಸ್ವರೂಪವನ್ನು ಮೊದಲು ತಿಳಿಯೋಣ. ಬ್ಯಾಂಕು, ಆಸ್ಪತ್ರೆ, ವಿಮಾ ಸಂಸ್ಥೆ, ಕಾರ್ಖಾನೆ ಯಾವುದೇ ಇರಲಿ, ಅಲ್ಲಿನ ನೌಕರರು ಇಂದು ಕಂಪ್ಯೂಟರ್ ಇಲ್ಲದೆ ಕೆಲಸ ಮಾಡಲಾರರು. ಒಬ್ಬರು ಪಾಸ್‌ವರ್ಡ್ ಮರೆಯುತ್ತಾರೆ, ಇನ್ನೊಬ್ಬರ ಪ್ರಿಂಟರ್ ಓಡುವುದಿಲ್ಲ, ಮತ್ತೊಬ್ಬರಿಗೆ ಇ-ಮೇಲ್ ತೆರೆಯುವುದಿಲ್ಲ. ಅವರು ಹೆಲ್ಪ್ ಡೆಸ್ಕಿಗೆ ಕರೆ ಮಾಡುತ್ತಾರೆ. ಕರೆ ಬಂದೊಡನೆ ದೂರನ್ನು ದಾಖಲಿಸಿ ಅದಕ್ಕೊಂದು ಸಂಖ್ಯೆ ಕೊಡಲಾಗುತ್ತದೆ; ಅದನ್ನು 'ಟಿಕೆಟ್' ಎನ್ನುತ್ತಾರೆ. ಮೊದಲ ಹಂತದಲ್ಲಿ ಕುಳಿತವರು ತಮಗೆ ತಿಳಿದಷ್ಟನ್ನು ತಾವೇ ಸರಿಪಡಿಸುತ್ತಾರೆ. ಆಗದಿದ್ದರೆ ಹೆಚ್ಚು ಅನುಭವವುಳ್ಳ ಎರಡನೆಯ ಹಂತಕ್ಕೆ, ಅಲ್ಲಿಯೂ ಆಗದಿದ್ದರೆ ಆ ತಂತ್ರಾಂಶವನ್ನೋ ಯಂತ್ರವನ್ನೋ ಆಳವಾಗಿ ಬಲ್ಲ ಮೂರನೆಯ ಹಂತಕ್ಕೆ ಕಳುಹಿಸುತ್ತಾರೆ. ಎಷ್ಟು ಬೇಗ ಕರೆಗೆ ಓಗೊಡಬೇಕು, ಎಷ್ಟು ಗಂಟೆಯೊಳಗೆ ದೂರು ಬಗೆಹರಿಯಬೇಕು ಎಂಬ ಒಪ್ಪಂದವಿರುತ್ತದೆ. ಪ್ರತಿಯೊಬ್ಬರು ಎಷ್ಟು ಕರೆಗಳಿಗೆ ಉತ್ತರಿಸಿದರು, ಒಂದೊಂದಕ್ಕೆ ಎಷ್ಟು ನಿಮಿಷ ತೆಗೆದುಕೊಂಡರು ಎಂಬ ಲೆಕ್ಕವನ್ನು ಯಂತ್ರವೇ ಇಡುತ್ತದೆ.

ಇಲ್ಲಿ ಕಾಲಿಡಲು ದೊಡ್ಡ ಪದವಿ ಬೇಕಿಲ್ಲ. ಕಂಪ್ಯೂಟರ್ ಮತ್ತು ನೆಟ್‌ವರ್ಕಿನ ಪ್ರಾಥಮಿಕ ಜ್ಞಾನ, ಸ್ಪಷ್ಟವಾದ ಮಾತು, ತಪ್ಪಿಲ್ಲದ ನಾಲ್ಕು ಸಾಲು ಬರೆಯುವ ಶಕ್ತಿ, ಎಲ್ಲಕ್ಕಿಂತ ಮಿಗಿಲಾಗಿ ಸಹನೆ ಇದ್ದರೆ ಸಾಕು. ಆದುದರಿಂದಲೇ ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಮಕ್ಕಳಿಗೆ, ಶಿಫಾರಸು ಮಾಡಬಲ್ಲ ಬಂಧುಗಳಿಲ್ಲದವರಿಗೆ, ಇದು ತೆರೆದ ಬಾಗಿಲಾಗಿದೆ. ಹೀಗೆ ಆರಂಭಿಸಿ ಕೆಲವು ವರ್ಷಗಳಲ್ಲಿ ನೆಟ್‌ವರ್ಕ್, ಸರ್ವರ್, ಮಾಹಿತಿ ಸುರಕ್ಷತೆ ಮುಂತಾದ ವಿಭಾಗಗಳಿಗೆ ಏರಲು ಅವಕಾಶವುಂಟು.

ಕಾಫಿ ನಾಡಿನವರಿಗೆ ಈ ಬಾಗಿಲು ಏಕೆ ಮುಖ್ಯವಾಯಿತೆಂಬುದನ್ನು ನೆನೆಯಬೇಕು. 2001-02ರ ಸುಮಾರಿಗೆ ಕಾಫಿಯ ಬೆಲೆ ನೆಲಕಚ್ಚಿದಾಗ ತೋಟದ ಮಾಲೀಕರೂ ಕಾರ್ಮಿಕರೂ ಒಟ್ಟಿಗೆ ತತ್ತರಿಸಿದರು. ತೋಟವನ್ನೇ ನಂಬಿ ಬದುಕಲಾಗದು ಎಂಬ ಪಾಠವನ್ನು ಅನೇಕ ಕುಟುಂಬಗಳು ಕಲಿತದ್ದು ಆಗ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು, ನಿಜ. ಆದರೆ ತೋಟವಿಲ್ಲದವನಿಗೆ, ಲೈನ್ ಮನೆಯಲ್ಲಿ ಬೆಳೆದವನಿಗೆ, ಎರಡು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದವನಿಗೆ ಆ ಏರಿಕೆಯಿಂದ ಜೀವನದ ದಾರಿ ತೆರೆಯಲಿಲ್ಲ. ಅವರು ಈಗಲೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡುತ್ತಾರೆ.

ಇಷ್ಟಾದರೂ ಮನೆಯವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. 'ಇಷ್ಟೆಲ್ಲ ಸಾಲ ಮಾಡಿ ಓದಿಸಿದ್ದು ಫೋನ್ ಎತ್ತುವುದಕ್ಕೋ?' ಎಂಬ ಮಾತು ಊಟದ ಹೊತ್ತಿನಲ್ಲಿ ಬಂದೇ ಬರುತ್ತದೆ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಯಾರಾದರೂ ವಿಚಾರಿಸಿದರೆ ತಾಯಿಯಾದವರು 'ಕಂಪ್ಯೂಟರ್ ಕಂಪನಿ' ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ಮಗನಿಗೂ ಅದು ಗೊತ್ತಾಗುತ್ತದೆ. ತನ್ನ ಕೆಲಸದ ಬಗ್ಗೆ ಮನೆಯಲ್ಲಿ ಮಾತನಾಡುವುದನ್ನೇ ಅವನು ಬಿಡುತ್ತಾನೆ. ಮೊದಲ ನಷ್ಟ ಅಲ್ಲಿಂದ ಆರಂಭವಾಗುತ್ತದೆ.

ಬಾಗಿಲು ಕಾಯ್ದ ಸಂತರು

ಕೆಲಸಗಳಲ್ಲಿ ಮೇಲು ಕೀಳೆಂಬ ಎಣಿಕೆಗೆ ಧರ್ಮಸಭೆಯ ಬೋಧನೆಯಲ್ಲಿ ಆಧಾರವಿಲ್ಲ. ಸಂತ ಎರಡನೇ ಜಾನ್ ಪೌಲರು 1981ರ ಸೆಪ್ಟೆಂಬರಿನಲ್ಲಿ 'ಲಾಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಯಾವ ಕೆಲಸ ಮಾಡಲಾಗುತ್ತಿದೆ ಎಂಬುದಕ್ಕಿಂತ ಅದನ್ನು ಮಾಡುತ್ತಿರುವವನು ಮನುಷ್ಯನೆಂಬುದೇ ಕೆಲಸದ ಘನತೆಗೆ ಮೂಲ ಎಂಬುದು ಅದರ ತಿರುಳು. ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನು ಕೆಲಸಕ್ಕಾಗಿ ಹುಟ್ಟಿದವನಲ್ಲ ಎಂದು ಅವರು ಬೋಧಿಸಿದರು. ನಮ್ಮ ಚಿಕ್ಕಮಗಳೂರಿನ ಪ್ರಧಾನಾಲಯವು ಸಂತ ಜೋಸೆಫರ ಹೆಸರನ್ನು ಹೊತ್ತಿದೆ. ಲೋಕರಕ್ಷಕನನ್ನು ಸಾಕಿದ ಆ ಬಡಗಿಯ ಕೈಯಲ್ಲಿದ್ದುದು ಉಳಿ, ಸುತ್ತಿಗೆ. ಅವರನ್ನು ಪಾಲಕರನ್ನಾಗಿ ಪಡೆದ ನಾವು ಮಕ್ಕಳ ಹುದ್ದೆಯ ಹೆಸರಿಗೆ ನಾಚುವುದು ಸರಿಯೆನಿಸದು.

ಹೆಲ್ಪ್ ಡೆಸ್ಕಿನ ಕೆಲಸಕ್ಕೆ ಧರ್ಮಸಭೆಯ ಪರಂಪರೆಯಲ್ಲಿ ಇನ್ನೂ ಹತ್ತಿರದ ಪೂರ್ವಿಕರಿದ್ದಾರೆ. ಅವರು ಮಠಗಳ ಬಾಗಿಲು ಕಾಯ್ದವರು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಒಂದು ಅಧ್ಯಾಯವನ್ನೇ ದ್ವಾರಪಾಲಕನಿಗೆ ಮೀಸಲಿಟ್ಟರು. ಬಾಗಿಲಲ್ಲಿ ಇರಿಸಬೇಕಾದವನು ಬೇರೆ ಕೆಲಸಕ್ಕೆ ಬಾರದವನಲ್ಲ. ಬಂದವರ ಮಾತನ್ನು ಗ್ರಹಿಸಿ ತಕ್ಕ ಉತ್ತರ ಕೊಡಬಲ್ಲ ವಿವೇಕಿಯೇ ಅಲ್ಲಿರಬೇಕು, ಯಾರಾದರೂ ತಟ್ಟಿದೊಡನೆ ದೇವರಿಗೆ ಸ್ತುತಿ ಸಲ್ಲಿಸಿ ಸೌಮ್ಯವಾಗಿ, ತಡಮಾಡದೆ, ಪ್ರೀತಿಯಿಂದ ಉತ್ತರಿಸಬೇಕು ಎಂಬುದು ಅಲ್ಲಿನ ಆಶಯ. ಸಾವಿರದ ಐನೂರು ವರ್ಷಗಳ ಹಿಂದಿನ ಈ ಸೂಚನೆಯನ್ನು ಇಂದಿನ ಯಾವುದೇ ಸಹಾಯವಾಣಿಯ ಗೋಡೆಯ ಮೇಲೆ ಬರೆದು ಹಾಕಬಹುದು.

ಸ್ಪೇನಿನ ಮಜೋರ್ಕಾ ದ್ವೀಪದ ಯೇಸುಸಭೆಯ ಕಾಲೇಜಿನಲ್ಲಿ ಸಂತ ಅಲ್ಫೋನ್ಸ್ ರೊಡ್ರಿಗಸರು ದೀರ್ಘಕಾಲ ಬಾಗಿಲು ಕಾಯ್ದರು. ಹೆಂಡತಿ ಮಕ್ಕಳನ್ನೂ ಬಟ್ಟೆಯ ವ್ಯಾಪಾರವನ್ನೂ ಕಳೆದುಕೊಂಡ ಮೇಲೆ ಸನ್ಯಾಸಕ್ಕೆ ಬಂದವರು ಅವರು. ಬಾಗಿಲು ತಟ್ಟಿದಾಗಲೆಲ್ಲ ಪ್ರಭುವೇ ಬಂದಿದ್ದಾರೆಂದು ಭಾವಿಸಿ ಏಳುತ್ತಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಅಲ್ಲಿ ಓದಲು ಬಂದ ಯುವಕ ಪೀಟರ್ ಕ್ಲೇವರ್‌ಗೆ ಅವರು ಕೊಟ್ಟ ಪ್ರೇರಣೆಯೇ ಮುಂದೆ ದಕ್ಷಿಣ ಅಮೆರಿಕದ ಕಾರ್ಟಜಿನಾ ಬಂದರಿನ ಗುಲಾಮರ ಸೇವೆಯಾಗಿ ಫಲಿಸಿತು. ಇಬ್ಬರನ್ನೂ 1888ರಲ್ಲಿ ಒಂದೇ ದಿನ ಸಂತರೆಂದು ಘೋಷಿಸಲಾಯಿತು. ಕೆನಡಾದ ಮಾಂಟ್ರಿಯಲ್ ನಗರದ ಸಹೋದರ ಆಂಡ್ರೆ ಬೆಸೆಟ್ಟರು ರೋಗಿಷ್ಠರು, ಓದುಬರಹ ಅಷ್ಟಾಗಿ ತಿಳಿಯದವರು. ಸುಮಾರು ನಲವತ್ತು ವರ್ಷ ಕಾಲೇಜೊಂದರ ದ್ವಾರಪಾಲಕರಾಗಿದ್ದು, ನೊಂದು ಬಂದವರ ಮಾತು ಕೇಳಿದರು. 1937ರಲ್ಲಿ ಅವರು ತೀರಿಕೊಂಡರು. 2010ರಲ್ಲಿ ಅವರು ಸಂತರಾದರು. ಒಳಗಿನ ತರಗತಿಗಳಲ್ಲಿ ಪಾಠ ಹೇಳಿದ ಪಂಡಿತರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಉತ್ತರ ಸಿಗದ ಸಂಕಟ

ಕರೆದಾಗ ಓಗೊಡುವ ದನಿಯ ಬೆಲೆ ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲ; ಕರೆಂಟಿಲ್ಲದಿದ್ದರೆ ಟವರ್ ಇಲ್ಲ, ಟವರ್ ಇಲ್ಲದಿದ್ದರೆ ಫೋನಿಲ್ಲ. ಭದ್ರೆ ತುಂಬಿದರೆ ಹೆಬ್ಬಾಳೆಯ ಸೇತುವೆ ಮುಳುಗಿ ಕಳಸ, ಹೊರನಾಡುಗಳ ನಡುವಿನ ದಾರಿ ಕಡಿದುಹೋಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಕುಸಿದಾಗ, ಹೊರಗಿದ್ದ ಮಕ್ಕಳು ಮನೆಯವರ ದನಿ ಕೇಳಲು ಎಷ್ಟು ತಹತಹಿಸಿದರೆಂಬುದನ್ನು ಆ ಕಡೆಯವರು ಬಲ್ಲರು. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿದ ಯುವಜನರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕುಳಿತು ಕೆಲಸ ಮಾಡಿದರು. ಕರೆ ತಲುಪದಿರುವುದು ಎಂದರೇನೆಂದು ನಮಗೆ ಗೊತ್ತು.

ನಮ್ಮ ರೈತರಿಗೂ ಹೆಲ್ಪ್ ಡೆಸ್ಕ್ ಹೊಸದೇನಲ್ಲ. ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ 2004ರ ಜನವರಿಯಲ್ಲಿ ಆರಂಭವಾಯಿತು. 1800-180-1551 ಸಂಖ್ಯೆಗೆ ಕರೆ ಮಾಡಿದ ರೈತ ಕನ್ನಡದಲ್ಲಿಯೇ ತನ್ನ ಕಷ್ಟ ಹೇಳಿಕೊಳ್ಳಬಹುದು. ಮೊದಲು ಓಗೊಡುವವರು ಕೃಷಿ ಅಥವಾ ಅದಕ್ಕೆ ಹೊಂದಿದ ವಿಷಯಗಳನ್ನು ಓದಿದ ಪದವೀಧರರು. ಅವರಿಂದ ಬಗೆಹರಿಯದಿದ್ದರೆ ಕರೆ ಮೇಲಿನ ತಜ್ಞರಿಗೆ ಹೋಗುತ್ತದೆ. ಕಂಪನಿಗಳ ಹೆಲ್ಪ್ ಡೆಸ್ಕಿನ ವ್ಯವಸ್ಥೆಯೂ ಇದೇ. 2018ರಲ್ಲಿ ಕಾಫಿ ಮಂಡಳಿಯು 'ಕಾಫಿ ಕೃಷಿ ತರಂಗ' ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದಾಗ ಅದರ ಮೊದಲ ಪ್ರಯೋಗ ನಡೆದದ್ದು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿಯೇ. ತೋಟದ ನಡುವೆ ನಿಂತು ಕಷ್ಟ ಹೇಳಿಕೊಂಡ ಬೆಳೆಗಾರನಿಗೆ ಆ ಕಡೆಯಿಂದ ಬಂದ ದನಿ ಸಹನೆಯದಾಗಿದ್ದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಅಂಥ ದನಿಯನ್ನು ಬಯಸುವ ನಾವು, ನಮ್ಮ ಮಗನೋ ಮಗಳೋ ಇನ್ನೊಬ್ಬರಿಗೆ ಅಂಥ ದನಿಯಾದಾಗ ಅದನ್ನು ಕೀಳೆಂದು ಬಗೆಯುವುದು ಹೇಗೆ?

ಮೂಡಿಗೆರೆಯ ತಮ್ಮ ತೋಟದ ಮನೆಗೆ ಪೂರ್ಣಚಂದ್ರ ತೇಜಸ್ವಿಯವರು 'ನಿರುತ್ತರ' ಎಂದು ಹೆಸರಿಟ್ಟಿದ್ದರು. 2007ರಲ್ಲಿ ತೀರಿಕೊಳ್ಳುವ ಮುನ್ನದ ವರ್ಷಗಳಲ್ಲಿ ಅವರು ಕಂಪ್ಯೂಟರಿನಲ್ಲಿ ಕನ್ನಡ ಹಿಂದುಳಿಯಬಾರದೆಂದು ವಾದಿಸಿ, ಕನ್ನಡ ತಂತ್ರಾಂಶಕ್ಕಾಗಿ ಶ್ರಮಿಸಿದರು. ಯಂತ್ರ ತನ್ನ ಭಾಷೆಯನ್ನು ಅರಿಯದಿದ್ದರೆ ಸಾಮಾನ್ಯ ಮನುಷ್ಯ ಅದರೆದುರು ಮೂಕನಾಗುತ್ತಾನೆ. ಆ ಮೂಕತನವನ್ನು ನೀಗಿಸಲು ತಂತ್ರಾಂಶ ಬೇಕು, ಅದರ ಜೊತೆಗೆ 'ಹೆದರಬೇಡಿ, ಆ ಎಡಗಡೆಯ ಗುಂಡಿಯನ್ನು ಒಮ್ಮೆ ಒತ್ತಿ' ಎಂದು ತಿಳಿಯುವ ಮಾತಿನಲ್ಲಿ ಹೇಳುವ ಮನುಷ್ಯನೂ ಬೇಕು.

ಎಲೆಯ ಹಳದಿ, ಕಾಂಡದ ಹುಳು

ಇಲ್ಲಿಯವರೆಗೆ ಹೇಳಿದ್ದು ಕೆಲಸದ ಹಿರಿಮೆ. ಇನ್ನು ಅದರೊಳಗಿನ ಧರ್ಮಸಂಕಟವನ್ನು ನೋಡೋಣ.

1980ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರದ ಸಂಸ್ಥೆಯೊಂದು ಕಂಪ್ಯೂಟರ್ ಸೇವೆಗಳ ನಿರ್ವಹಣೆಗಾಗಿ 'ಐಟಿಐಎಲ್' ಎಂಬ ಮಾರ್ಗಸೂಚಿಯನ್ನು ರೂಪಿಸಿತು. ಇಂದು ಜಗತ್ತಿನ ಬಹುಪಾಲು ಹೆಲ್ಪ್ ಡೆಸ್ಕುಗಳು ಅದರ ಪರಿಭಾಷೆಯನ್ನೇ ಬಳಸುತ್ತವೆ. ಅದು ತೊಂದರೆ ಕಾಣಿಸಿಕೊಂಡ ಘಟನೆಯನ್ನೂ ತೊಂದರೆಯ ಮೂಲವನ್ನೂ ಬೇರ್ಪಡಿಸುತ್ತದೆ. ಘಟನೆಯನ್ನು ಬೇಗ ಸರಿಪಡಿಸಿ ಕೆಲಸ ಮುಂದುವರಿಯುವಂತೆ ಮಾಡುವುದು ಒಂದು ಹೊಣೆ. ಅದು ಮತ್ತೆ ಮತ್ತೆ ಏಕೆ ಸಂಭವಿಸುತ್ತಿದೆ ಎಂದು ಹುಡುಕುವುದು ಇನ್ನೊಂದು ಹೊಣೆ.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದಾಗ ಅದಕ್ಕೆ ಗೊಬ್ಬರ, ನೀರು ಕೊಟ್ಟರೆ ಪ್ರಯೋಜನವಿಲ್ಲ. ಬಿಳಿ ಕಾಂಡಕೊರಕ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು, ಮರಿಹುಳು ಒಳಗೆ ಕೊರೆಯುತ್ತಿರುತ್ತದೆ. ಬೋರರ್ ಹಿಡಿದ ಗಿಡವನ್ನು ಗುರುತಿಸಿ, ಕಿತ್ತು ಸುಡದಿದ್ದರೆ ಅಕ್ಕಪಕ್ಕದ ಗಿಡಗಳಿಗೂ ಹರಡುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ಕಲಿಸುತ್ತ ಬಂದಿರುವ ಪಾಠಗಳಲ್ಲಿ ಇದೂ ಒಂದು. ಎಲೆಯನ್ನು ನೋಡಿದವನು ಕಾಂಡವನ್ನೂ ನೋಡಬೇಕು.

ಹೀಗೊಂದು ಸಂದರ್ಭವನ್ನು ಊಹಿಸೋಣ. ಆಸ್ಪತ್ರೆಗಳ ಸಮೂಹವೊಂದರ ಹೆಲ್ಪ್ ಡೆಸ್ಕಿನಲ್ಲಿ ಇಪ್ಪತ್ತೆರಡರ ಹರೆಯದ ಯುವಕನಿದ್ದಾನೆ. ಸೇರಿ ನಾಲ್ಕು ತಿಂಗಳಾಗಿದೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ರಾತ್ರಿ ಎರಡು ಗಂಟೆಗೆ ಹಿರಿಯ ದಾದಿಯೊಬ್ಬರು ಕರೆ ಮಾಡುತ್ತಾರೆ. ರೋಗಿಗೆ ಕೊಟ್ಟ ಔಷಧದ ವಿವರ ಕಂಪ್ಯೂಟರಿನಲ್ಲಿ ದಾಖಲಾಗುತ್ತಿಲ್ಲ. ಯುವಕ ಒಂದು ತಾತ್ಕಾಲಿಕ ಉಪಾಯ ಹೇಳುತ್ತಾನೆ, ಪರದೆ ತೆರೆಯುತ್ತದೆ. 'ನಾಳೆ ಮತ್ತೆ ಹೀಗಾಗುವುದಿಲ್ಲ ತಾನೆ, ಮಗು?' ಎಂದು ಅವರು ಕೇಳುತ್ತಾರೆ. ಆಗುತ್ತದೆಂದು ಅವನಿಗೆ ಗೊತ್ತು. ಅದೇ ವಾರದಲ್ಲಿ ಅದೇ ದೂರು ಬಂದಿರುವುದು ಇದು ಮೂರನೆಯ ಸಲ. ಈಗ 'ಬಗೆಹರಿದಿದೆ' ಎಂದು ದಾಖಲಿಸಿ ಟಿಕೆಟ್ ಮುಚ್ಚಿದರೆ ನಿಯಮಕ್ಕೆ ವಿರುದ್ಧವೇನೂ ಆಗದು. ಅವನ ಲೆಕ್ಕದಲ್ಲಿ ಒಂದು ಅಂಕ ಕೂಡುತ್ತದೆ. ಹಿಂದಿನ ದೂರುಗಳನ್ನು ಹುಡುಕಿ, ಜೋಡಿಸಿ, ಮೇಲಿನವರಿಗೆ ವಿವರವಾಗಿ ಬರೆದರೆ ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಮೂರು ಕರೆಗಳು ಕಾಯುತ್ತವೆ, ಅವನ ದಿನದ ಲೆಕ್ಕ ಕೆಳಗಿಳಿಯುತ್ತದೆ. ಊರಿನಲ್ಲಿ ಓದಿನ ಸಾಲದ ಕಂತು ಕಾದಿದೆ.

ಅವನು ಏನು ಮಾಡಬೇಕು? ಸುಲಭವಾಗಿ ತೀರ್ಪು ಕೊಡುವವರು ಸತ್ಯವನ್ನೇ ಹಿಡಿ, ಫಲ ಏನೇ ಆಗಲಿ ಎನ್ನುತ್ತಾರೆ. ತನ್ನ ಕೆಲಸ ಉಳಿಸಿಕೊಳ್ಳಲಿ ಪಾಪ ಎಂದು ಇನ್ನು ಕೆಲವರು ಹೇಳುತ್ತಾರೆ. ನನ್ನ ವಿಚಾರ ಇಷ್ಟು. ಆ ದಾದಿಯ ಅಂದಿನ ಕೆಲಸ ಸಾಗಿತು, ಆದುದರಿಂದ ಆ ದೂರನ್ನು ಮುಚ್ಚುವುದು ಸುಳ್ಳಲ್ಲ. ಆದರೆ ಇದು ಮತ್ತೆ ಬರುತ್ತದೆಂದು ತಿಳಿದೂ ಏನನ್ನೂ ಬರೆಯದಿದ್ದರೆ, ಆ ದಾಖಲೆಯನ್ನು ಮುಂದೆ ಓದುವವರು ಮೋಸಹೋಗುತ್ತಾರೆ. ಮುಂದೊಂದು ರಾತ್ರಿ ಯಾವುದೋ ರೋಗಿಗೆ ಔಷಧ ಎರಡು ಸಲ ಬೀಳಬಹುದು ಅಥವಾ ತಪ್ಪಿಹೋಗಬಹುದು. ಮೌನವೂ ಸುಳ್ಳುಸಾಕ್ಷಿಯಾಗುವ ಘಳಿಗೆ ಅದು. ಅವನು ಇಪ್ಪತ್ತು ನಿಮಿಷದ ವರದಿ ಬರೆಯಲಾರದಿದ್ದರೂ ಒಂದು ಸಾಲು ಬರೆಯಬಲ್ಲ: ತಾತ್ಕಾಲಿಕವಾಗಿ ಸರಿಪಡಿಸಲಾಗಿದೆ, ಈ ವಾರದಲ್ಲಿ ಮೂರನೆಯ ಸಲ, ಮೂಲ ಕಾರಣ ಉಳಿದಿದೆ. ದಾದಿಗೂ ಅದನ್ನೇ ಹೇಳಬಲ್ಲ. ಬೆಳಿಗ್ಗೆ ಪಾಳಿ ಮುಗಿಯುವಾಗ ಮೇಲ್ವಿಚಾರಕರ ಗಮನಕ್ಕೆ ತರಬಲ್ಲ. ಇಷ್ಟು ಅವನ ಶಕ್ತಿಗೆ ಮೀರಿದ್ದಲ್ಲ. ಇದಕ್ಕಿಂತ ಕಡಿಮೆ ಮಾಡಿದರೆ ಮನಸ್ಸಾಕ್ಷಿ ಒಪ್ಪುವುದಿಲ್ಲ. ಅಲ್ಪದರಲ್ಲಿ ಪ್ರಾಮಾಣಿಕನಾದವನು ಹೆಚ್ಚಿನದರಲ್ಲೂ ಪ್ರಾಮಾಣಿಕನಾಗಿರುತ್ತಾನೆಂಬ ಪ್ರಭುವಿನ ಬೋಧನೆ ಇಂಥ ಒಂದು ಸಾಲಿಗೂ ಅನ್ವಯಿಸುತ್ತದೆ. ಅದನ್ನು ಓದಿಯೂ ಕಣ್ಣುಮುಚ್ಚುವ ಅಧಿಕಾರಿಯ ಹೊಣೆ ಆ ಯುವಕನದಕ್ಕಿಂತ ದೊಡ್ಡದು.

ಇದೇ ರೀತಿಯ ಇನ್ನೆರಡು ಕಟ್ಟುಪಾಡುಗಳನ್ನು ಈ ಕೆಲಸಕ್ಕೆ ಸೇರುವವರು ಮೊದಲ ದಿನವೇ ತಮಗೆ ತಾವು ವಿಧಿಸಿಕೊಳ್ಳುವುದು ಒಳಿತು. ಒಂದು, ತಿಳಿಯದಿದ್ದಾಗ 'ನನಗೆ ತಿಳಿಯದು, ಕೇಳಿ ಹೇಳುತ್ತೇನೆ' ಎನ್ನುವುದು. ಹೊಸಬರಿಗೆ ಇದು ಅವಮಾನವೆನಿಸುತ್ತದೆ. ಆದರೆ ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುವ ಶುಭಸಂದೇಶದ ನೇರ ನುಡಿಗೆ ಸೇರಿದ್ದು ಇದು. ಊಹೆಯ ಉತ್ತರಕ್ಕಿಂತ ಪ್ರಾಮಾಣಿಕವಾದ ಅಜ್ಞಾನ ಕರೆ ಮಾಡಿದವರಿಗೆ ಹೆಚ್ಚು ಉಪಕಾರಿ. ಇನ್ನೊಂದು, ಗುಟ್ಟನ್ನು ಕಾಯುವುದು. ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ತೆರೆಯುವ ಅಧಿಕಾರ ಇವರ ಕೈಯಲ್ಲಿರುತ್ತದೆ. ಪತ್ರಗಳು, ಚಿತ್ರಗಳು, ಸಂಬಳದ ವಿವರ, ಕಾಯಿಲೆಯ ಟಿಪ್ಪಣಿ ಕಣ್ಣಿಗೆ ಬೀಳುತ್ತವೆ. 2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯೊಂದನ್ನು ಅಂಗೀಕರಿಸಿದೆ. ಕಾಯಿದೆಯ ಭಯವಿಲ್ಲದೆಯೂ, ಬೇಕಾದುದನ್ನಷ್ಟೇ ನೋಡಿ ಉಳಿದುದರಿಂದ ಕಣ್ಣು ತಿರುಗಿಸುವುದು ಸಜ್ಜನರ ಲಕ್ಷಣ.

ಸೇವೆಯ ಹೆಸರಿನಲ್ಲಿ

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚದೆ ಎದುರಿಸಬೇಕು. ಕೆಲಸವನ್ನು ಸೇವೆ, ಕರೆ ಎಂದೆಲ್ಲ ಹೊಗಳಿದರೆ, ಕಡಿಮೆ ಸಂಬಳಕ್ಕೆ ರಾತ್ರಿಯಿಡೀ ದುಡಿಸುವವರಿಗೆ ಅನುಕೂಲವಾಗುವುದಿಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಅಮೆರಿಕದ ಹಗಲಿಗೆ ಹೊಂದಿಕೊಂಡು ವರ್ಷಗಟ್ಟಲೆ ರಾತ್ರಿ ಎಚ್ಚರವಿರುವವರ ನಿದ್ದೆ, ಊಟ, ಆರೋಗ್ಯ ಕೆಡುತ್ತವೆ. ಭಾನುವಾರದ ಪೂಜೆ ತಪ್ಪುತ್ತದೆ. ಅಪರಿಚಿತರ ಬೈಗುಳವನ್ನು ಕೇಳಿಯೂ ನಗುವ ದನಿಯಲ್ಲಿ ಉತ್ತರಿಸಬೇಕಾಗುತ್ತದೆ. 2000ದ ದಶಕದ ಕಾಲ್ ಸೆಂಟರುಗಳಲ್ಲಿ ನಮ್ಮ ಯುವಜನರಿಗೆ ಪಾಶ್ಚಾತ್ಯ ಹೆಸರುಗಳನ್ನು ಇಟ್ಟು, ಉಚ್ಚಾರಣೆ ತಿದ್ದಿ, ತಾವಿರುವ ಊರನ್ನೇ ಮರೆಮಾಡಲು ಹೇಳಿದ್ದುಂಟು. ದೀಕ್ಷಾಸ್ನಾನದಲ್ಲಿ ಹೆಸರಿಟ್ಟು ಕರೆಯಲ್ಪಟ್ಟವನಿಗೆ ತನ್ನ ಹೆಸರನ್ನು ಬಚ್ಚಿಟ್ಟು ದುಡಿಯುವುದು ಸಣ್ಣ ನೋವಲ್ಲ.

ಮನುಷ್ಯನು ಕೆಲಸಕ್ಕಾಗಿ ಇರುವವನಲ್ಲ ಎಂಬ ಬೋಧನೆಯ ಇನ್ನೊಂದು ಮುಖ ಇಲ್ಲಿದೆ. ಕೆಲಸ ಪವಿತ್ರವಾದಷ್ಟೂ ಅದನ್ನು ಮಾಡುವವನಿಗೆ ನ್ಯಾಯ ಸಲ್ಲಬೇಕು. ಸೇವೆ ಎಂಬ ಮಾತನ್ನು ಕೂಲಿ ಕಡಿತಗೊಳಿಸಲು ಬಳಸುವುದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತಿದಂತೆ. ವಿಶ್ರಾಂತಿ ಕೇಳುವುದು, ನಿಂದನೆಯ ವಿರುದ್ಧ ದೂರು ಕೊಡುವುದು, ಒಳ್ಳೆಯ ಅವಕಾಶ ಸಿಕ್ಕಾಗ ಬಿಟ್ಟುಹೋಗುವುದು ದೀನತೆಗೆ ವಿರುದ್ಧವಲ್ಲ. ಮೊದಲ ಮೆಟ್ಟಿಲಿನಲ್ಲಿ ಗೌರವದಿಂದ ನಿಲ್ಲುವುದು ಬೇರೆ, ಅಲ್ಲಿಯೇ ಕಟ್ಟಿಹಾಕಿಸಿಕೊಳ್ಳುವುದು ಬೇರೆ.

ಇನ್ನೂ ಗಂಭೀರವಾದ ಎಚ್ಚರಿಕೆಯೊಂದಿದೆ. ಸಹಾಯದ ದನಿಯನ್ನೇ ವೇಷವಾಗಿ ತೊಟ್ಟ ಕಳ್ಳರಿದ್ದಾರೆ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಹೆದರಿಸಿ ವಿದೇಶದ ವೃದ್ಧರಿಂದ ಹಣ ಕಿತ್ತ ನಕಲಿ ಕಾಲ್ ಸೆಂಟರುಗಳ ವಿರುದ್ಧ ಸಿಬಿಐ 2023ರ ಅಕ್ಟೋಬರಿನಲ್ಲಿ 'ಆಪರೇಷನ್ ಚಕ್ರ-2' ಎಂಬ ಹೆಸರಿನಲ್ಲಿ ಹಲವು ಕಡೆ ಶೋಧ ನಡೆಸಿತು. ಇಂಥ ಕಡೆಗಳಲ್ಲಿ ಫೋನ್ ಹಿಡಿಯುವವರು ಉದ್ಯೋಗ ಹುಡುಕಿ ಬಂದ ಯುವಜನರೇ. ಆದುದರಿಂದ ಕೆಲಸಕ್ಕೆ ಸೇರುವ ಮೊದಲು ಆ ಸಂಸ್ಥೆ ಯಾರಿಗೆ ಏನು ನೆರವು ಕೊಡುತ್ತದೆ, ಹಣ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಬೇಕು. ಕರೆ ಮಾಡಿದವರನ್ನು ಹೆದರಿಸಲು ಹೇಳಿಕೊಟ್ಟರೆ ಆ ದಿನವೇ ಎದ್ದು ಬರಬೇಕು. ಮನೆಯ ಹಿರಿಯರೂ ಎಚ್ಚರವಾಗಿರಬೇಕು: ನಿಜವಾದ ಸಹಾಯಕ ನಿಮ್ಮ ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಕೇಳುವುದಿಲ್ಲ. ಮೋಸವಾದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸಬೇಕು.

ಯಂತ್ರಗಳೇ ಈಗ ಮಾತನಾಡತೊಡಗಿವೆ, ಪಾಸ್‌ವರ್ಡ್ ಬದಲಿಸಿಕೊಡುವ ಕೆಲಸವನ್ನು ಚಾಟ್‌ಬಾಟ್ ಮಾಡುತ್ತದೆ, ಇನ್ನು ಈ ಮೇಜಿಗೆ ಭವಿಷ್ಯವೆಲ್ಲಿ ಎಂದು ಕೇಳುವವರಿದ್ದಾರೆ. ಸುಲಭವಾದ ದೂರುಗಳು ಯಂತ್ರದ ಪಾಲಾಗುತ್ತಿರುವುದು ನಿಜ. ಇದನ್ನು ನಂಬಿ ಹೊರಡುವವರು ಮುಂದಿನ ಕಲಿಕೆಯನ್ನು ನಿಲ್ಲಿಸಬಾರದು. ಆದರೆ ಯಂತ್ರದಿಂದ ಉತ್ತರ ಸಿಗದೆ ಸೋತು, ಸಿಟ್ಟಾಗಿ, ಅಳುವ ದನಿಯಲ್ಲಿ ಬರುವ ಕರೆಗಳು ಮನುಷ್ಯನಿಗೇ ಉಳಿಯುತ್ತವೆ. ಹೊಸಬರ ಮುಂದಿರುವ ಕೆಲಸ ಇನ್ನಷ್ಟು ಕಷ್ಟದ್ದಾಗಿದೆ, ಇನ್ನಷ್ಟು ಮನುಷ್ಯರದ್ದೂ ಆಗಿದೆ.

ಕೇಳುವವರ ಮಾತನ್ನು ಯಾರು ಕೇಳುವರು?

ಲಂಡನ್ ನಗರದ ಆಂಗ್ಲಿಕನ್ ಗುರುಗಳಾದ ಚಾಡ್ ವಾರಾ ಅವರು 1953ರ ನವೆಂಬರಿನಲ್ಲಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ತಮ್ಮ ದೇವಾಲಯದಲ್ಲಿ ಒಂದು ದೂರವಾಣಿಯನ್ನು ಮೀಸಲಿಟ್ಟರು. ಸಲಹೆ ಕೊಡುವವರು ತಾವೇ ಎಂದು ಅವರು ಮೊದಲು ಭಾವಿಸಿದ್ದರು. ಆದರೆ ಬಂದವರು ಸರದಿಗಾಗಿ ಕಾಯುವಾಗ ಅವರ ಜೊತೆ ಕುಳಿತು ಮಾತು ಕೇಳುತ್ತಿದ್ದ ಸ್ವಯಂಸೇವಕರಿಂದಲೇ ಅನೇಕರಿಗೆ ಸಮಾಧಾನ ಸಿಕ್ಕಿತು. ಇದನ್ನು ಕಂಡ ಅವರು ಕೆಲವೇ ತಿಂಗಳಲ್ಲಿ ಕರೆಗಳನ್ನು ಆ ಸಾಮಾನ್ಯ ಜನರಿಗೇ ಒಪ್ಪಿಸಿದರು. 'ಸಮಾರಿಟನ್ಸ್' ಸಂಸ್ಥೆ ಬೆಳೆದದ್ದು ಹೀಗೆ. ಕಿವಿಗೊಡುವುದೇ ಒಂದು ಉಪಕಾರ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ದಿವಂಗತ ಪೋಪ್ ಫ್ರಾನ್ಸಿಸರು 2022ರ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಹೃದಯದ ಕಿವಿಯಿಂದ ಆಲಿಸಬೇಕೆಂದು ಧರ್ಮಸಭೆಯನ್ನು ಕೇಳಿಕೊಂಡದ್ದೂ ಇದೇ ಅರ್ಥದಲ್ಲಿ.

ಆದರೆ ದಿನವಿಡೀ ಪರರ ದೂರನ್ನು ಕೇಳುವವರ ದೂರನ್ನು ಕೇಳುವವರು ಯಾರು? ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಹಗಲು ಮಲಗಿ ರಾತ್ರಿ ಏಳುವ ಮಗನಿಗೆ ಊರಿನಿಂದ ಹೋಗುವ ಕರೆಗಳು ಹೆಚ್ಚಾಗಿ ಹಣದ ವಿಷಯಕ್ಕೆ ಸಂಬಂಧಿಸಿರುತ್ತವೆ. ಡಿಸೆಂಬರಿನಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆ, ಕ್ರಿಸ್ಮಸ್ ಹಬ್ಬಕ್ಕೆ ಅವನೋ ಅವಳೋ ಮನೆಗೆ ಬಂದಾಗ ಸಂಬಳ ಎಷ್ಟಾಯಿತೆಂದು ಕೇಳುವ ಮೊದಲು, ಯಾರ ಕರೆ ನೆನಪಿನಲ್ಲಿ ಉಳಿದಿದೆ, ಯಾರ ಮಾತು ನೋಯಿಸಿತು ಎಂದು ಕೇಳೋಣ. ಅವರು ಹೇಳಿದ್ದು ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಧರ್ಮಕೇಂದ್ರಗಳ ಯುವಜನ ಸಂಘಗಳು ಹೊರಡುವ ಮಕ್ಕಳಿಗೆ ಈಗಾಗಲೇ ಹೋಗಿರುವವರ ಪರಿಚಯ ಮಾಡಿಕೊಡಲಿ; ಒಳ್ಳೆಯ ಸಂಸ್ಥೆ ಯಾವುದು, ಎಚ್ಚರ ಎಲ್ಲಿ ಬೇಕು ಎಂದು ಹಿರಿಯರು ಕಿರಿಯರಿಗೆ ತಿಳಿಸಲಿ. ಮೇ 1ರಂದು ಶ್ರಮಿಕರಾದ ಸಂತ ಜೋಸೆಫರ ಹಬ್ಬದ ಪ್ರಾರ್ಥನೆಯಲ್ಲಿ ಕಣದಲ್ಲಿ ಕಾಫಿ ಒಣಗಿಸುವವರ ಜೊತೆಗೆ ಹೆಡ್‌ಫೋನ್ ಧರಿಸಿ ಕುಳಿತವರನ್ನೂ ನೆನೆಯೋಣ.

ನಮ್ಮ ಭಾಷೆಯಲ್ಲಿ ಫೋನಿನಲ್ಲಿ ಬರುವುದೂ ಕರೆ, ದೇವರಿಂದ ಬರುವುದೂ ಕರೆ. ಮೊದಲನೆಯದಕ್ಕೆ ಸತ್ಯವಾಗಿ, ಸಹನೆಯಿಂದ ಓಗೊಡಲು ಕಲಿತ ಕಿವಿಗೆ ಎರಡನೆಯದು ಕೇಳಿಸದೆ ಹೋಗದು. ಈ ಬೆಟ್ಟಗಳಿಂದ ಇಳಿದುಹೋದ ನಮ್ಮ ಮಕ್ಕಳಿಗೆ ಆ ಕಿವಿಯನ್ನು ಪ್ರಭು ದಯಪಾಲಿಸಲಿ. ಅವರ ಮಾತನ್ನು ಆಲಿಸುವ ತಾಳ್ಮೆಯನ್ನು ಮನೆಯಲ್ಲಿರುವ ನಮಗೂ ಕೊಡಲಿ.